ಡೊಂಬಿವಲಿಯಲ್ಲಿ ಓದಿದ ಸ್ನಾಯು ದಾದರ್‌ಗೆ ಬರುವಷ್ಟರಲ್ಲಿ ಮರೆತರೆ

ಪ್ರಶ್ನೆ: ಮೇಡಂ, ನಾನು ಡೊಂಬಿವಲಿಯವಳು. ಮನೆಮಾತು ಕನ್ನಡ, ಹತ್ತನೇ ಕ್ಲಾಸ್‌ವರೆಗೆ ಓದಿದ್ದೂ ಕನ್ನಡ ಮಾಧ್ಯಮದಲ್ಲೇ. ಈಗ ಮುಂಬೈಯಲ್ಲಿ ಫಿಸಿಯೋಥೆರಪಿ ಮೊದಲ ವರ್ಷ. ಅನಾಟಮಿಯಲ್ಲಿ ಸ್ನಾಯುಗಳು ಶುರುವಾದ ಮೇಲೆ ತಲೆ ಕೆಟ್ಟುಹೋಗಿದೆ. ಸ್ನಾಯು ಹೊರಡುವ ಓರಿಜಿನ್, ಹೋಗಿ ಸೇರುವ ಇನ್ಸರ್ಷನ್, ಅದರ ನರ್ವ್, ಅದು ಮಾಡುವ ಆಕ್ಷನ್ ಅಂತ ನಾಲ್ಕು ಕಾಲಂ ಟೇಬಲ್ ಬರೆದು ಲೋಕಲ್ ರೈಲಿನಲ್ಲಿ ಬಾಯಿಪಾಠ ಮಾಡುತ್ತೇನೆ. ದಾದರ್‌ನಲ್ಲಿ ಇಳಿಯುವಷ್ಟರಲ್ಲಿ ಅರ್ಧ ಹೋಗಿರುತ್ತದೆ. ಶವ ಬಿಡಿಸಿ ಕಲಿಯುವ ಡಿಸೆಕ್ಷನ್ ಹಾಲ್‌ನಲ್ಲಿ ನೋಡಿದರೆ ಎಲ್ಲವೂ ಒಂದೇ ಕಂದು ಬಣ್ಣ. ಆರುನೂರು ಸ್ನಾಯು ನೆನಪಿಡೋದು ಹೇಗೆ? ಇಂಗ್ಲಿಷ್ ಮೀಡಿಯಂನವರಿಗೆ ಇದು ಸುಲಭ ಅಲ್ವಾ? ಅನಾಟಮಿ ಚಿತ್ರಗಳ ಅಟ್ಲಾಸ್ ಹೊಸದೇ ಕೊಳ್ಳಬೇಕಾ? ನನ್ನ ಟೇಬಲ್‌ನ ಒಂದು ಹಾಳೆ ಜೊತೆಗೆ ಕಳಿಸಿದ್ದೇನೆ.

ಉತ್ತರ: ನೀನು ನನ್ನ ಮಗಳಿಗಿಂತ ಚಿಕ್ಕವಳು, ಹಾಗಾಗಿ ನೀನು ಅಂತಲೇ ಬರೆಯುತ್ತೇನೆ, ಬೇಜಾರು ಮಾಡಿಕೊಳ್ಳಬೇಡ. ಪುಣೆಯಲ್ಲಿ ವರ್ಷಗಟ್ಟಲೆ ಇದೇ ಪಾಠ ಮಾಡಿದ್ದೇನೆ. ನಿನ್ನ ಟೇಬಲ್‌ನಂಥ ಟೇಬಲ್ ಎಷ್ಟು ನೋಡಿದ್ದೇನೋ ಲೆಕ್ಕ ಇಲ್ಲ. ಅಕ್ಷರ ಮುದ್ದಾಗಿದೆ, ಮೂರು ಬಣ್ಣದ ಪೆನ್ನು ಬೇರೆ.

ಮೊದಲು ಇಂಗ್ಲಿಷ್ ಮೀಡಿಯಂ ಮಾತು ಮುಗಿಸಿಬಿಡೋಣ. ಸ್ಟರ್ನೋಕ್ಲೈಡೋಮ್ಯಾಸ್ಟಾಯ್ಡ್ ಅನ್ನುವುದು ಯಾರ ಮನೆಯಲ್ಲೂ ಊಟಕ್ಕೆ ಕೂತಾಗ ಬರುವ ಮಾತಲ್ಲ. ಅದು ಲ್ಯಾಟಿನ್ ಮತ್ತು ಗ್ರೀಕ್. ನಿನ್ನ ಪಕ್ಕದ ಬೆಂಚಿನ ಇಂಗ್ಲಿಷ್ ಮೀಡಿಯಂ ಹುಡುಗಿಗೂ ಅದು ನಿನಗೆಷ್ಟು ಹೊಸದೋ ಅಷ್ಟೇ ಹೊಸದು. ಅವಳು ಉಚ್ಚಾರ ಸ್ವಲ್ಪ ಧೈರ್ಯವಾಗಿ ಮಾಡುತ್ತಾಳೆ, ಅಷ್ಟೇ. ಹೆಸರನ್ನು ಬಿಡಿಸಿ ನೋಡುವ ಅಭ್ಯಾಸ ಮಾಡಿಕೋ. ಸ್ಟರ್ನಮ್ ಅಂದರೆ ಎದೆಮೂಳೆ, ಕ್ಲೈಡೋ ಅಂದರೆ ಕೊರಳಿನ ಕೆಳಗೆ ಅಡ್ಡ ಇರುವ ಕ್ಲಾವಿಕಲ್, ಮ್ಯಾಸ್ಟಾಯ್ಡ್ ಅಂದರೆ ಕಿವಿಯ ಹಿಂದೆ ಕೈಗೆ ಸಿಗುವ ಗಡ್ಡೆಯಂಥ ಮೂಳೆ. ಎಲ್ಲಿಂದ ಹೊರಟು ಎಲ್ಲಿ ಸೇರುತ್ತದೆ ಅಂತ ಹೆಸರೇ ಹೇಳಿಬಿಟ್ಟಿತು, ನಿನ್ನ ಟೇಬಲ್‌ನ ಎರಡು ಕಾಲಂ ಬಾಯಿಪಾಠ ಮಾಡುವುದು ತಪ್ಪಿತು. ಫ್ಲೆಕ್ಸರ್ ಕಾರ್ಪೈ ರೇಡಿಯಾಲಿಸ್ ಅಂದರೆ ಮಡಿಸುವುದು, ಮಣಿಕಟ್ಟನ್ನು, ಮುಂಗೈಯಲ್ಲಿ ಹೆಬ್ಬೆರಳ ಕಡೆ ಇರುವ ರೇಡಿಯಸ್ ಮೂಳೆಯ ಕಡೆಗೆ. ಲಾಂಗಸ್ ಅಂತ ಕಂಡರೆ ಪಕ್ಕದಲ್ಲೇ ಒಬ್ಬ ಗಿಡ್ಡ ತಮ್ಮ ಬ್ರೆವಿಸ್ ಇದ್ದಾನಾ ಅಂತ ಹುಡುಕು, ಹೆಚ್ಚಿನ ಸಲ ಇರುತ್ತಾನೆ.

ಮತ್ತೆ, ಕನ್ನಡದಲ್ಲಿ ಯೋಚನೆ ಮಾಡುವುದು ನಷ್ಟ ಅಂತ ಯಾರು ಹೇಳಿದರು? ಕಾಲಿನ ಹಿಂದಿನ ಉಬ್ಬಿಗೆ ನಮ್ಮಲ್ಲಿ ಮೀನಖಂಡ ಅನ್ನುತ್ತಾರೆ. ಮಸಲ್ ಅನ್ನುವ ಪದ ಬಂದದ್ದು ಲ್ಯಾಟಿನ್‌ನ ಪುಟ್ಟ ಇಲಿಯಿಂದ. ಅವರಿಗೆ ಚರ್ಮದ ಕೆಳಗೆ ಇಲಿ ಓಡಾಡಿದ ಹಾಗೆ ಕಂಡಿತು, ನಮ್ಮವರಿಗೆ ಮೀನು ಕಂಡಿತು. ತಮಾಷೆ ಏನೆಂದರೆ ಅದೇ ಮೀನಖಂಡದ ಒಳಪದರಕ್ಕೆ ಸೋಲಿಯಸ್ ಅಂತ ಹೆಸರು, ಸೋಲಿಯಾ ಅಂದರೆ ಲ್ಯಾಟಿನ್‌ನಲ್ಲಿ ಚಪ್ಪಲಿ ಅಂತಲೂ ಅರ್ಥ, ಒಂದು ಜಾತಿಯ ಚಪ್ಪಟೆ ಮೀನು ಅಂತಲೂ ಅರ್ಥ. ನಿಮ್ಮ ಮನೆಯವರು ಮಂಗಳೂರು ಕಡೆಯವರಾದರೆ ನಂಗ್ ಮೀನು ತಂದಿರುತ್ತಾರಲ್ಲ, ಅದೇ ಬಳಗ. ಈ ಎರಡು ಮೀನು ಕಂಡ ಮೇಲೆ ಸೋಲಿಯಸ್ ಎಲ್ಲಿದೆ ಅಂತ ನೀನು ಇನ್ನು ಮರೆಯುವುದಿಲ್ಲ. ಸಾರ್ಟೋರಿಯಸ್ ಅಂದರೆ ದರ್ಜಿಯ ಸ್ನಾಯು, ಹಳೇ ಕಾಲದ ದರ್ಜಿಗಳು ಕೂರುತ್ತಿದ್ದ ಹಾಗೆ ಚಕ್ಕಳಮಕ್ಕಳ ಹಾಕಿ ಕೂತರೆ ಅದರ ಆಕ್ಷನ್ ಪೂರ್ತಿ ಸಿಗುತ್ತದೆ: ತೊಡೆ ಮೇಲೆ ಬಂತು, ಹೊರಗೆ ಹೋಯಿತು, ಹೊರಕ್ಕೆ ತಿರುಗಿತು, ಮಂಡಿ ಮಡಿಸಿತು. ನಾಲ್ಕನ್ನೂ ಬಾಯಿಪಾಠ ಮಾಡಬೇಕಾ? ನೆಲದ ಮೇಲೆ ಊಟಕ್ಕೆ ಕೂತರೆ ಸಾಕು. ದೇಹದಲ್ಲಿ ಅತಿ ಉದ್ದದ ಸ್ನಾಯು ಅದು, ವೈವಾದಲ್ಲಿ, ಅಂದರೆ ಬಾಯಿಮಾತಿನ ಪರೀಕ್ಷೆಯಲ್ಲಿ, ಕೇಳುತ್ತಾರೆ.

ಆರುನೂರು ಅನ್ನುವ ಸಂಖ್ಯೆಗೆ ಹೆದರಬೇಡ. ಎಣಿಸುವ ರೀತಿಯ ಮೇಲೆ ಅದು ಹೆಚ್ಚುಕಮ್ಮಿ ಆಗುತ್ತದೆ. ಬಹುಪಾಲು ಎಡಕ್ಕೊಂದು ಬಲಕ್ಕೊಂದು ಜೋಡಿ, ಅಲ್ಲೇ ಅರ್ಧ ಇಳಿಯಿತು. ಉಳಿದದ್ದರಲ್ಲಿ ಬೆನ್ನಿನ ಆಳದವು, ಪಕ್ಕೆಲುಬುಗಳ ನಡುವಿನವು ಎಲ್ಲ ಗುಂಪಾಗಿ ಬರುತ್ತವೆ, ಒಂದೊಂದಾಗಿ ಅಲ್ಲ. ನಿಜವಾಗಿ ಬೆವರು ಇಳಿಸುವುದು ಕೈ, ಕಾಲು, ಮುಖ, ಕುತ್ತಿಗೆ.

ಈಗ ಟೇಬಲ್ ವಿಷಯ. ನೀನು ಸಾಲನ್ನು ಎಡದಿಂದ ಬಲಕ್ಕೆ ಓದುತ್ತೀಯ, ಪ್ರತಿ ಸ್ನಾಯುವಿಗೂ ನಾಲ್ಕು ಸಂಗತಿ, ಒಂದಕ್ಕೊಂದು ಸಂಬಂಧ ಇಲ್ಲದ ಹಾಗೆ. ಅದು ಟೆಲಿಫೋನ್ ನಂಬರ್ ಬಾಯಿಪಾಠ ಮಾಡಿದಂತೆ, ದಾದರ್‌ವರೆಗೂ ಉಳಿಯಿತಲ್ಲ, ಅದೇ ದೊಡ್ಡದು. ನಾನು ಹೇಳುವುದು ಇಷ್ಟೇ: ಆಕ್ಷನ್ ಕಾಲಂ ಬಾಯಿಪಾಠ ಮಾಡಲೇಬೇಡ. ಅದನ್ನು ಪ್ರತಿ ಸಲ ಕಂಡುಹಿಡಿ. ಮೂಳೆ ಕೈಯಲ್ಲಿ ಹಿಡಿ, ಪ್ಲಾಸ್ಟಿಕ್‌ದಾದರೂ ಪರವಾಗಿಲ್ಲ. ಎರಡು ತುದಿ ಎಲ್ಲಿ ಅಂತ ನೋಡಿ ನಡುವೆ ಒಂದು ರಬ್ಬರ್ ಬ್ಯಾಂಡ್ ಎಳೆದು ಹಿಡಿ. ಅದು ಯಾವ ಕೀಲನ್ನು ದಾಟಿತು? ಕೀಲಿನ ಮುಂದೆ ದಾಟಿತಾ, ಹಿಂದೆಯಾ, ಪಕ್ಕದಲ್ಲಾ? ಬ್ಯಾಂಡ್ ಗಿಡ್ಡವಾದರೆ ಏನು ಅಲ್ಲಾಡುತ್ತದೆ? ಉತ್ತರ ಕಣ್ಣೆದುರು ಇರುತ್ತದೆ. ಮೊಣಕೈಯ ಮುಂದೆ ದಾಟಿದ್ದೆಲ್ಲ ಮೊಣಕೈ ಮಡಿಸುತ್ತದೆ, ಹಿಂದೆ ದಾಟಿದ್ದು ನೆಟ್ಟಗೆ ಮಾಡುತ್ತದೆ. ಮಂಡಿಯಲ್ಲಿ ಮಾತ್ರ ಇದು ತಿರುವುಮುರುವು, ಮುಂದಿನದು ನೆಟ್ಟಗೆ ಮಾಡುತ್ತದೆ, ಹಿಂದಿನದು ಮಡಿಸುತ್ತದೆ. ಯಾಕೆಂದರೆ ಹೊಟ್ಟೆಯೊಳಗೆ ಮಗು ಬೆಳೆಯುವಾಗ ಕೈ ಹೊರಕ್ಕೆ ತಿರುಗುತ್ತದೆ, ಕಾಲು ಒಳಕ್ಕೆ ತಿರುಗುತ್ತದೆ. ಅದಕ್ಕೇ ಮೊಣಕೈ ಹಿಂದಕ್ಕೆ, ಮಂಡಿ ಮುಂದಕ್ಕೆ. ಇದನ್ನು ಒಂದು ಸಲ ತಿಳಿದುಕೊಂಡರೆ ಕಾಲಿನ ಗೊಂದಲ ಮುಕ್ಕಾಲು ಕರಗುತ್ತದೆ.

ನಿನ್ನ ಹಾಳೆಯಲ್ಲಿ ತೋಳಿನ ಹಿಂಭಾಗದ ಟ್ರೈಸೆಪ್ಸ್ ಮುಂದೆ "ತಳ್ಳುವುದು" ಅಂತ ಬರೆದಿದ್ದೀಯ. ಅದನ್ನು ಇವತ್ತೇ ಹೊಡೆದುಹಾಕು. ಸ್ನಾಯು ತಳ್ಳುವುದಿಲ್ಲ. ಯಾವ ಸ್ನಾಯುವೂ, ಯಾವತ್ತೂ. ಎಳೆಯುವುದು ಒಂದೇ ಅದಕ್ಕೆ ಗೊತ್ತು. ನೀನು ಬಾಗಿಲು ತಳ್ಳಿದಾಗಲೂ ಟ್ರೈಸೆಪ್ಸ್ ಮೊಣಕೈಯ ಹಿಂದಿನಿಂದ ಮುಂಗೈಯ ಅಲ್ನಾ ಮೂಳೆಯನ್ನು ಎಳೆಯುತ್ತಿರುತ್ತದೆ, ತಳ್ಳಿದ್ದು ಕೈ.

ಲೋಕಲ್‌ನಲ್ಲಿ ಟೇಬಲ್ ಓದಬೇಡ ಅಂತ ನಾನು ಹೇಳಿದರೆ ಅಷ್ಟು ಹೊತ್ತು ಏನು ಮಾಡಲಿ ಅನ್ನುತ್ತೀಯ. ಅಯ್ಯೋ, ಅದಕ್ಕಿಂತ ಒಳ್ಳೆ ಪ್ರಯೋಗಶಾಲೆ ಯಾವ ಕಾಲೇಜಿನಲ್ಲೂ ಇಲ್ಲ. ರೈಲು ಹೋಗುವ ದಿಕ್ಕಿಗೆ ಮುಖ ಮಾಡಿ ನಿಂತುಕೋ. ಗಾಡಿ ಹೊರಟಾಗ ಮೈ ಹಿಂದಕ್ಕೆ ವಾಲುತ್ತದೆ, ಆಗ ಮೊಣಕಾಲ ಕೆಳಗೆ ಮುಂಭಾಗದಲ್ಲಿ, ಮೂಳೆಯ ಪಕ್ಕ ಏನೋ ಬಿಗಿಯಾಗುತ್ತದೆ, ಪಾದದ ಮುಂದಿನ ಭಾಗ ಮೇಲೆ ಎದ್ದಂತೆ ಆಗುತ್ತದೆ. ಅದು ಟಿಬಿಯಾಲಿಸ್ ಆಂಟೀರಿಯರ್. ಬ್ರೇಕ್ ಹಾಕಿದಾಗ ಮುಂದಕ್ಕೆ ವಾಲುತ್ತೀಯ, ಆಗ ನಮ್ಮ ಮೀನಖಂಡ ಬಿಗಿಯುತ್ತದೆ. ಗಾಡಿ ಪಕ್ಕಕ್ಕೆ ತೂಗಿದಾಗ ಸೊಂಟದ ಪಕ್ಕ, ಮೂಳೆಯ ಅಂಚಿನ ಸ್ವಲ್ಪ ಕೆಳಗೆ ಕೈ ಇಟ್ಟು ನೋಡು, ಗ್ಲೂಟಿಯಸ್ ಮೀಡಿಯಸ್ ಮಾತಾಡುತ್ತದೆ. ಒಂದೇ ಕಾಲ ಮೇಲೆ ಭಾರ ಹಾಕಿದರೆ ಇನ್ನೂ ಚೆನ್ನಾಗಿ ಗೊತ್ತಾಗುತ್ತದೆ. ಲೇಡೀಸ್ ಡಬ್ಬದಲ್ಲಿ ಬೆಳಿಗ್ಗೆ ಎಂಟೂವರೆಗೆ ಎರಡೂ ಕಾಲು ಊರಲು ಜಾಗ ಎಲ್ಲಿರುತ್ತದೆ, ಹಾಗಾಗಿ ಈ ಪ್ರಯೋಗ ತಾನಾಗಿಯೇ ಆಗುತ್ತದೆ! ಆ ಸ್ನಾಯು ಸೋತವರು ನಡೆಯುವಾಗ, ಎತ್ತಿದ ಕಾಲಿನ ಕಡೆ ಸೊಂಟ ಕೆಳಗೆ ಇಳಿಯುತ್ತದೆ. ಇಳಿದದ್ದು ಎಡಗಡೆಯಾದರೆ ಸೋತಿರುವುದು ಬಲಗಡೆಯದು. ಟ್ರೆಂಡಲೆನ್‌ಬರ್ಗ್ ಸೈನ್ ಅಂತ ಮುಂದೆ ನೂರು ಸಲ ಕೇಳುತ್ತೀಯ.

ಮೇಲಿನ ಹಿಡಿಕೆ ಹಿಡಿದ ಕೈ ನೋಡು. ಮಣಿಕಟ್ಟು ಸ್ವಲ್ಪ ಹಿಂದಕ್ಕೆ ಬಾಗಿರುತ್ತದೆ. ಈಗ ಮನೆಯಲ್ಲಿ ಒಂದು ಲಟ್ಟಣಿಗೆ ಗಟ್ಟಿಯಾಗಿ ಹಿಡಿದು, ಮಣಿಕಟ್ಟನ್ನು ಒಳಕ್ಕೆ ಪೂರ್ತಿ ಮಡಿಸು. ಹಿಡಿತ ಸಡಿಲ ಆಯಿತು ಅಲ್ವಾ? ಬೆರಳು ಮಡಿಸುವ ಸ್ನಾಯುಗಳು ಮುಂಗೈಯಲ್ಲಿ ಹುಟ್ಟಿ ಮಣಿಕಟ್ಟನ್ನೂ ದಾಟಿ ಬೆರಳಿಗೆ ಬರುತ್ತವೆ. ಮಣಿಕಟ್ಟಿನಲ್ಲೇ ಗಿಡ್ಡವಾಗಿಬಿಟ್ಟರೆ ಬೆರಳಿಗೆ ಎಳೆಯಲು ಏನೂ ಉಳಿಯುವುದಿಲ್ಲ. ಹಾಗಾಗಿ ನೀನು ಏನನ್ನೇ ಬಿಗಿಯಾಗಿ ಹಿಡಿದರೂ, ಮಣಿಕಟ್ಟನ್ನು ಹಿಂದಕ್ಕೆ ಎಳೆಯುವ ಸ್ನಾಯುಗಳು ಸದ್ದಿಲ್ಲದೆ ಕೆಲಸ ಮಾಡುತ್ತಿರುತ್ತವೆ. ರೇಡಿಯಲ್ ನರಕ್ಕೆ ಪೆಟ್ಟಾದವರಿಗೆ ಬೆರಳು ಮಡಿಸುವ ಸ್ನಾಯು ಚೆನ್ನಾಗಿದ್ದರೂ ಹಿಡಿತ ಯಾಕೆ ಹೋಗುತ್ತದೆ ಅಂತ ಈಗ ನೀನೇ ಹೇಳಬಲ್ಲೆ. ಇದು ಟೇಬಲ್‌ನಲ್ಲಿ ಎಲ್ಲೂ ಇರಲಿಲ್ಲ.

ಇಳಿದ ಮೇಲೆ ಸ್ಟೇಷನ್‌ನ ಬ್ರಿಜ್ ಮೆಟ್ಟಿಲು. ಹತ್ತುವಾಗ ತೊಡೆಯ ಮುಂದಿನ ಕ್ವಾಡ್ರಿಸೆಪ್ಸ್ ಮಂಡಿ ನೆಟ್ಟಗೆ ಮಾಡುತ್ತದೆ, ಹಿಂದಿನಿಂದ ಗ್ಲೂಟಿಯಸ್ ಮ್ಯಾಕ್ಸಿಮಸ್ ಸೊಂಟ ಎತ್ತುತ್ತದೆ. ಸರಿ. ಇಳಿಯುವಾಗ ಯಾವುದು? ಮಂಡಿ ಮಡಿಸುತ್ತಿದೆ, ಹಾಗಾದರೆ ತೊಡೆಯ ಹಿಂದಿನ ಹ್ಯಾಮ್‌ಸ್ಟ್ರಿಂಗ್ಸ್ ಅಂತ ಹೇಳಿದೆಯಾ? ಹತ್ತರಲ್ಲಿ ಎಂಟು ಮಕ್ಕಳು ಹಾಗೇ ಹೇಳುತ್ತಾರೆ. ಇಳಿಯುವಾಗಲೂ ಕ್ವಾಡ್ರಿಸೆಪ್ಸೇ. ಮಂಡಿ ಮಡಿಸಲು ಭೂಮಿಯ ಸೆಳೆತ ಸಾಕು, ನೀನು ದಬ್ಬನೆ ಬೀಳದ ಹಾಗೆ ಹಗ್ಗ ಬಿಟ್ಟುಕೊಟ್ಟಂತೆ ಸ್ವಲ್ಪ ಸ್ವಲ್ಪವೇ ಸಡಿಲಿಸುವ ಕೆಲಸ ಮುಂದಿನದಕ್ಕೆ. ಬಾವಿಯಿಂದ ಕೊಡ ಮೇಲೆ ಎಳೆಯುವ ಕೈಯೇ ಕೊಡವನ್ನು ನಿಧಾನ ಇಳಿಸುತ್ತದೆ, ಅಲ್ವಾ? ಪಕ್ಕಕ್ಕೆ ಎತ್ತಿದ ಕೈಯನ್ನು ಮೆಲ್ಲಗೆ ಇಳಿಸುವುದೂ ಅದನ್ನು ಎತ್ತಿದ ಭುಜದ ಡೆಲ್ಟಾಯ್ಡೇ. ಬೆಟ್ಟ ಇಳಿದ ಮರುದಿನ ತೊಡೆ ಹಿಡಿದುಕೊಳ್ಳುತ್ತದಲ್ಲ, ಸಿಂಹಗಡ ಹತ್ತಿ ಇಳಿದು ಬಂದ ನಮ್ಮ ಹುಡುಗರು ಸೋಮವಾರ ಕ್ಲಾಸಿಗೆ ಕುಂಟುತ್ತಾ ಬರುವುದು ಇದಕ್ಕೇ, ಉದ್ದವಾಗುತ್ತಾ ಕೆಲಸ ಮಾಡಿದ ಸ್ನಾಯು ಜಾಸ್ತಿ ನೋಯುತ್ತದೆ.

ಆದರೆ ಒಂದು ಮಾತು, ರೈಲಿನ ಬಾಗಿಲಲ್ಲಿ ನೇತಾಡಿಕೊಂಡು ಬೆನ್ನಿನ ಲ್ಯಾಟಿಸಿಮಸ್ ಡಾರ್ಸೈ ಕಲಿಯಬೇಡ. ಮನೆಯಲ್ಲಿ ಸೋಫಾ ಮೇಲೆ ಕೂತು, ಎರಡೂ ಅಂಗೈ ಊರಿ ಮೈ ಎತ್ತಿದರೂ ಅದು ಗೊತ್ತಾಗುತ್ತದೆ. ಕೈ ಅಲ್ಲಾಡದೆ ನಿಂತಾಗ ಅದು ಮೈಯನ್ನೇ ಎಳೆಯುತ್ತದೆ. ಓರಿಜಿನ್, ಇನ್ಸರ್ಷನ್ ಅನ್ನುವುದು ನಾವು ಅನುಕೂಲಕ್ಕೆ ಇಟ್ಟ ಹೆಸರು, ಯಾವ ತುದಿ ಗಟ್ಟಿಯಾಗಿ ನಿಂತಿದೆ ಅನ್ನುವುದರ ಮೇಲೆ ಆಟ ತಿರುಗುತ್ತದೆ.

ನನ್ನ ಮೊದಲ ವರ್ಷದ ವೈವಾ ಹೇಳಲೇಬೇಕು. ತೋಳಿನ ಮುಂದಿನ ಬೈಸೆಪ್ಸ್ ಏನು ಮಾಡುತ್ತದೆ ಅಂತ ಕೇಳಿದರು. ಮೊಣಕೈ ಮಡಿಸುತ್ತದೆ ಅಂತ ಪಟ್ಟನೆ ಹೇಳಿದೆ. ಬೇರೇನು? ನಾನು ಸುಮ್ನೆ ನಿಂತೆ. ಪರೀಕ್ಷಕರು ವಯಸ್ಸಾದವರು, ಮರಾಠಿಯಲ್ಲಿ "ಊಟ ಹೇಗೆ ಮಾಡುತ್ತೀಯಾ ತೋರಿಸು" ಅಂದರು. ಇಲ್ಲದ ತಟ್ಟೆಯಿಂದ ಇಲ್ಲದ ತುತ್ತು ಎತ್ತಿ ಬಾಯಿಯ ಹತ್ತಿರ ತಂದೆ. "ಮತ್ತೊಮ್ಮೆ, ನಿಧಾನ." ಮೂರನೇ ತುತ್ತಿಗೆ ಹೊಳೆಯಿತು. ತಟ್ಟೆಯಲ್ಲಿದ್ದಾಗ ಅಂಗೈ ಕೆಳಗೆ ನೋಡುತ್ತದೆ, ಬಾಯಿಗೆ ಬರುವಷ್ಟರಲ್ಲಿ ತನ್ನಷ್ಟಕ್ಕೆ ತಾನೇ ಮೇಲೆ ತಿರುಗಿರುತ್ತದೆ. ಸುಪಿನೇಷನ್! ಬೈಸೆಪ್ಸ್ ರೇಡಿಯಸ್ ಮೂಳೆಗೆ ಅಂಟಿದೆ, ಆ ಮೂಳೆ ತಿರುಗುವ ಮೂಳೆ. ಬರೀ ಮಡಿಸುವ ಕೆಲಸಕ್ಕೆ ಅದರ ಕೆಳಗೆ ಬ್ರೇಕಿಯಾಲಿಸ್ ಇದೆ, ಅದು ತಿರುಗದ ಅಲ್ನಾಗೆ ಅಂಟಿದೆ, ಪಾಪ ಹೆಸರಿಲ್ಲದೆ ದುಡಿಯುವ ಸ್ನಾಯು. ನೀನೂ ಮೊಣಕೈ ಮಡಿಸಿಟ್ಟು ಎಡಗೈಯಿಂದ ಬಲತೋಳು ಹಿಡಿದುಕೊಂಡು ಅಂಗೈ ಕೆಳಗೆ ಮೇಲೆ ತಿರುಗಿಸು, ಮೇಲಕ್ಕೆ ತಿರುಗಿದಾಗಲೆಲ್ಲ ತೋಳಿನ ಉಬ್ಬು ಗಟ್ಟಿಯಾಗುತ್ತದೆ. ಬಲಗೈಯವರಿಗೆ ಸ್ಕ್ರೂ ಬಿಗಿ ಮಾಡುವುದು ಬಿಚ್ಚುವುದಕ್ಕಿಂತ ಸುಲಭ ಅನ್ನಿಸುವುದೂ ಇದೇ ಕಾರಣಕ್ಕೆ.

ಆ ತುತ್ತು ಅಲ್ಲಿಗೆ ನಿಲ್ಲುವುದಿಲ್ಲ ನೋಡು. ಬಾಯಿ ತೆರೆಯಬೇಕು. ಅಗಿಯುವ ಸ್ನಾಯು ನಾಲ್ಕು, ಮೂರು ದವಡೆ ಮುಚ್ಚುತ್ತವೆ, ತೆರೆಯಲು ನೆರವಾಗುವುದು ಲ್ಯಾಟರಲ್ ಟೆರಿಗಾಯ್ಡ್ ಒಂದೇ. ಹಲ್ಲು ಕಚ್ಚಿ ದವಡೆಯ ಮೂಲೆ ಮುಟ್ಟಿದರೆ ಮ್ಯಾಸೆಟರ್, ಕಣತಲೆ ಮುಟ್ಟಿದರೆ ಟೆಂಪೊರಾಲಿಸ್. ವಡಾಪಾವ್‌ನ ಚೂರು ಕೆನ್ನೆಯೊಳಗೆ ಸಿಕ್ಕಿಕೊಳ್ಳದಂತೆ ಒಳಕ್ಕೆ ಒತ್ತುವುದು ಬಕ್ಸಿನೇಟರ್, ಊಟಕ್ಕೆ ಸಹಾಯ ಮಾಡಿದರೂ ಅದು ಮುಖದ ಸ್ನಾಯುಗಳ ಗುಂಪಿನದು, ನರವೂ ಫೇಶಿಯಲ್. ಬಾಕಿ ನಾಲ್ಕಕ್ಕೆ ಮ್ಯಾಂಡಿಬ್ಯುಲರ್. ಇಲ್ಲೇ ಎಷ್ಟೋ ಮಕ್ಕಳು ಎಡವುತ್ತಾರೆ. ಕುರ್ಲಾ ಬಿಟ್ಟು ಸಾಯನ್‌ಗೆ ಬರುವಾಗ ಮಿಠಿ ನದಿಯ ವಾಸನೆಗೆ ನಿನ್ನ ಮೇಲ್ದುಟಿ ಮತ್ತು ಮೂಗಿನ ಹೊಳ್ಳೆ ಒಟ್ಟಿಗೆ ಮೇಲೇರುತ್ತವಲ್ಲ, ಅದನ್ನು ಮಾಡುವ ಸ್ನಾಯುವಿಗೆ ಲಿವೇಟರ್ ಲೇಬಿಯೈ ಸುಪೀರಿಯಾರಿಸ್ ಅಲೀಕ್ವೆ ನೇಸೈ ಅಂತ ಹೆಸರು. ತುಟಿ ಎತ್ತುವುದು, ಮೇಲಿನದು, ಮೂಗಿನ ರೆಕ್ಕೆಯ ಸಮೇತ. ಇಷ್ಟು ಚಿಕ್ಕದಕ್ಕೆ ಇಷ್ಟುದ್ದ ಹೆಸರು ಇಟ್ಟವರಿಗೆ ನಮಸ್ಕಾರ.

ನರಗಳ ಕಾಲಂ ಬಗ್ಗೆ. ಇಲ್ಲಿ ಮಾತ್ರ ಒಂದೊಂದು ಸ್ನಾಯುವಿಗೆ ಒಂದೊಂದು ನರ ಅಂತ ಓದಿದರೆ ಕೆಟ್ಟೆ. ಕೈಕಾಲು ಮುಂಬೈಯ ಹಳೇ ಚಾಳ್, ಅಂದರೆ ವಠಾರ ಇದ್ದ ಹಾಗೆ, ಮಾಳಿಗೆಗೊಂದು ಕರೆಂಟ್ ಲೈನ್. ತೋಳಿನ ಮುಂದಿನ ಮೂವರಿಗೆ ಮಸ್ಕ್ಯುಲೋಕ್ಯುಟೇನಿಯಸ್, ಹಿಂದಿನ ಟ್ರೈಸೆಪ್ಸ್‌ಗೆ ರೇಡಿಯಲ್. ಮುಂಗೈ ಹಿಂಭಾಗದ ಹನ್ನೆರಡಕ್ಕೂ ರೇಡಿಯಲ್ ಮತ್ತು ಅದರ ಕೊಂಬೆ. ಮುಂಗೈ ಮುಂಭಾಗದ ಎಂಟಕ್ಕೆ ಮೀಡಿಯನ್, ಒಂದೂವರೆ ಬಿಟ್ಟು. ಆ ಒಂದೂವರೆ ಅಂದರೆ ಫ್ಲೆಕ್ಸರ್ ಕಾರ್ಪೈ ಅಲ್ನಾರಿಸ್ ಮತ್ತು ಫ್ಲೆಕ್ಸರ್ ಡಿಜಿಟೋರಮ್ ಪ್ರೊಫಂಡಸ್‌ನ ಕಿರುಬೆರಳ ಕಡೆಯ ಅರ್ಧ, ಅವಕ್ಕೆ ಅಲ್ನಾರ್. ತೊಡೆಯ ಮುಂದೆ ಫೆಮೊರಲ್, ಒಳಗೆ ಆಬ್ಟ್ಯುರೇಟರ್, ಹಿಂದೆ ಸಯಾಟಿಕ್. ಮೊಣಕಾಲ ಕೆಳಗೆ ಹಿಂದಿನ ಏಳಕ್ಕೂ ಟಿಬಿಯಲ್, ಮುಂದಿನ ನಾಲ್ಕಕ್ಕೆ ಡೀಪ್ ಪೆರೋನಿಯಲ್, ಪಕ್ಕದ ಎರಡಕ್ಕೆ ಸೂಪರ್ಫಿಶಿಯಲ್ ಪೆರೋನಿಯಲ್. ಮಾಳಿಗೆ ಗೊತ್ತಿದ್ದರೆ ನರ ಗೊತ್ತು. ಆಮೇಲೆ ಪಕ್ಕದ ಲೈನ್‌ನಿಂದ ಕನೆಕ್ಷನ್ ತಗೊಂಡವರ ಪಟ್ಟಿ ಮಾತ್ರ ಬೇರೆ ಬರೆದಿಡು, ಪರೀಕ್ಷಕರಿಗೆ ಬೇಕಿರುವುದೂ ಅವರೇ. ಬ್ರೇಕಿಯೋರೇಡಿಯಾಲಿಸ್ ಅವರಲ್ಲಿ ಮೊದಲನೆಯದು: ಕೆಲಸ ಮೊಣಕೈ ಮಡಿಸುವುದು, ನರ ಮಾತ್ರ ನೆಟ್ಟಗೆ ಮಾಡುವವರ ರೇಡಿಯಲ್. ತೊಡೆಯ ಹಿಂದಿನ ಬೈಸೆಪ್ಸ್ ಫೆಮೋರಿಸ್‌ನ ಗಿಡ್ಡ ತಲೆ ಇನ್ನೊಂದು. ತೊಡೆಯ ಒಳಗಡೆಯ ಅಡಕ್ಟರ್ ಮ್ಯಾಗ್ನಸ್ ಆಬ್ಟ್ಯುರೇಟರ್, ಸಯಾಟಿಕ್ ಎರಡೂ ಕಡೆಯಿಂದ ತಗೊಳ್ಳುತ್ತದೆ.

ಇದು ನಿನ್ನ ಕೆಲಸಕ್ಕೇ ಬರುತ್ತದೆ. ಮಂಡಿಯ ಹೊರಮಗ್ಗುಲಲ್ಲಿ, ಸ್ವಲ್ಪ ಕೆಳಗೆ, ಕಾಲಿನ ಹೊರಗಡೆಯ ತೆಳು ಮೂಳೆ ಫಿಬ್ಯುಲಾದ ಕುತ್ತಿಗೆಯನ್ನು ಸುತ್ತಿ ಕಾಮನ್ ಪೆರೋನಿಯಲ್ ನರ ಹೋಗುತ್ತದೆ, ಚರ್ಮದ ಕೆಳಗೇ. ಪ್ಲಾಸ್ಟರ್ ಬಿಗಿಯಾಗಿ ಅಲ್ಲಿ ಒತ್ತಿದರೆ ಪಾದ ಎತ್ತಲು ಆಗುವುದಿಲ್ಲ, ನಡೆಯುವಾಗ ಪಾದ ಪಟಪಟ ಬಡಿಯುತ್ತದೆ. ಯಾವ ಮಾಳಿಗೆಗಳ ದೀಪ ಆರಿದೆ ಅಂತ ನೀನೇ ಹೇಳು.

ಡಿಸೆಕ್ಷನ್ ಹಾಲ್‌ನ ಕಂದು ಬಣ್ಣಕ್ಕೆ ಔಷಧ ಇಲ್ಲ, ಶವ ಕೆಡದಂತೆ ಹಾಕುವ ಫಾರ್ಮಾಲಿನ್ ಹಾಗೇ ಮಾಡುತ್ತದೆ. ಅಲ್ಲಿ ಬಣ್ಣ ನೋಡಬೇಡ, ಎಳೆ ಯಾವ ಕಡೆಗೆ ಹರಿದಿದೆ ನೋಡು. ಹೊಟ್ಟೆಯ ಗೋಡೆಯಲ್ಲಿ ಹೊರಪದರದ ಎಳೆ ಪ್ಯಾಂಟಿನ ಜೇಬಿಗೆ ಕೈ ಹಾಕಿದ ದಿಕ್ಕಿಗೆ ಇರುತ್ತದೆ, ಅದರ ಒಳಗಿನದು ಹೆಚ್ಚುಕಡಿಮೆ ಅದಕ್ಕೆ ಅಡ್ಡವಾಗಿ, ಮೂರನೆಯದು ಪಟ್ಟಿ ಕಟ್ಟಿದಂತೆ ಸುತ್ತ. ಮುಂಗೈಯಲ್ಲಿ ಗೊಂದಲವಾದರೆ ಮೇಲಿಂದ ಶುರು ಮಾಡಬೇಡ, ಮಣಿಕಟ್ಟಿನಲ್ಲಿ ಟೆಂಡನ್, ಅಂದರೆ ಸ್ನಾಯುವಿನ ತುದಿಯ ಹುರಿ ಹಿಡಿದು ಹಿಂದಕ್ಕೆ ಹೋಗು. ಬೇರೆಯವರು ತೋರಿಸಿದ್ದನ್ನು ನೋಡಿ ತಲೆ ಆಡಿಸಿ ಬರಬೇಡ, ಗ್ಲೌಸ್ ಹಾಕಿ ನೀನೇ ಬೇರ್ಪಡಿಸು. ಮನೆಯಲ್ಲಿ ಮಾಂಸ ತಿನ್ನುವವರಾದರೆ, ಕೋಳಿಯ ಕಾಲನ್ನು ಪಂಜದ ಸಮೇತ ತಂದು ಹಳದಿ ಚರ್ಮ ಸುಲಿದು ಬಿಳಿ ಟೆಂಡನ್ ಎಳೆದು ನೋಡು, ಬೆರಳು ಮಡಿಸುತ್ತದೆ. ನಿಮ್ಮಮ್ಮ ಬೈದರೆ ನನ್ನ ಹೆಸರು ಹೇಳು.

ಹೀಗೆಲ್ಲ ಮಾಡಿದರೂ ಬಾಯಿಪಾಠ ಪೂರ್ತಿ ತಪ್ಪುವುದಿಲ್ಲ, ಸುಳ್ಳು ಹೇಳುವುದಿಲ್ಲ. ಮುಂಗೈ ಹಿಂಭಾಗದ ಹನ್ನೆರಡರ ಸಾಲು, ಪಾದದ ಅಡಿಯ ನಾಲ್ಕು ಪದರ, ಕುತ್ತಿಗೆಯ ಮುಂದಿನ ಪುಟ್ಟಪುಟ್ಟವು, ಇವುಗಳಿಗೆ ಹಠ ಹಿಡಿದು ಕೂರಲೇಬೇಕು. ಆಗಲೂ ಓದುವುದಕ್ಕಿಂತ ಬರೆಯುವುದು ಮೇಲು. ಖಾಲಿ ಹಾಳೆ ತಗೊಂಡು ಪುಸ್ತಕ ಮುಚ್ಚಿ ಬರೆ, ಎರಡು ದಿನ ಬಿಟ್ಟು ಮತ್ತೆ, ವಾರ ಬಿಟ್ಟು ಮತ್ತೆ. ತಪ್ಪಿದ್ದನ್ನು ಕೆಂಪಲ್ಲಿ ತಿದ್ದು. ಗೆಳತಿಯ ಕೈ ಮೇಲೆ ಕಾಡಿಗೆ ಪೆನ್ಸಿಲ್‌ನಿಂದ ಎಳೆದು, ಅವಳಿಗೆ ಕೈ ಎತ್ತಲು ಹೇಳಿ ನೀನು ತಡೆದು ಹಿಡಿ. ಗೆರೆಯ ಕೆಳಗೆ ಗಟ್ಟಿಯಾದರೆ ಸರಿ, ಪಕ್ಕದಲ್ಲಿ ಗಟ್ಟಿಯಾದರೆ ಗೆರೆ ಅಳಿಸು. ಫಿಸಿಯೋಥೆರಪಿಯವಳಿಗೆ ಕೊನೆಗೆ ಬೇಕಾಗುವುದೂ ಇದೇ ಬೆರಳು, ಪೇಷಂಟ್ ಬಂದಾಗ ಚರ್ಮ ಬಿಡಿಸಿ ತೋರಿಸುವವರು ಯಾರೂ ಇರುವುದಿಲ್ಲ.

ಅಟ್ಲಾಸ್ ಹೊಸದು ಬೇಡ. ಪುಣೆಗೆ ಬಂದರೆ ಅಪ್ಪಾ ಬಳವಂತ ಚೌಕದಲ್ಲಿ ಹಳೇ ಪುಸ್ತಕ ಹುಡುಕು, ಇಲ್ಲದಿದ್ದರೆ ಸೀನಿಯರ್‌ಗಳನ್ನು ಕೇಳು, ಹತ್ತು ವರ್ಷದಲ್ಲಿ ಸ್ನಾಯುಗಳು ಜಾಗ ಬದಲಿಸಿರುವುದಿಲ್ಲ. ಕೆಲವು ಹೆಸರು ಮಾತ್ರ ಬದಲಾಗಿವೆ. ನಾನು ಮೇಲೆ ಹಳೇ ಅಭ್ಯಾಸಕ್ಕೆ ಪೆರೋನಿಯಲ್ ಅಂತ ಬರೆದೆ, ಈಗಿನ ಪುಸ್ತಕಗಳಲ್ಲಿ ಅದು ಫಿಬ್ಯುಲರ್, ಪೆರೋನಿಯಸ್ ಲಾಂಗಸ್ ಈಗ ಫಿಬ್ಯುಲಾರಿಸ್ ಲಾಂಗಸ್. ಎರಡೂ ಒಂದೇ. ವೈವಾದಲ್ಲಿ ಪರೀಕ್ಷಕರು ಯಾವ ಹೆಸರು ಹೇಳಿ ಕೇಳುತ್ತಾರೋ ಅದರಲ್ಲೇ ಉತ್ತರ ಕೊಡು, ನನ್ನ ವಯಸ್ಸಿನವರಾದರೆ ಪೆರೋನಿಯಸ್ಸೇ ಅನ್ನುತ್ತಾರೆ.